ಲೋಣಾರಿನ ಗಾಜು ಮತ್ತು ಕಾಲಗಣನೆ

ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಾಲಯದ ಬಳಪದ ಕಲ್ಲನ್ನು ಕಂಡು ಬೆಳೆದ ನಮ್ಮ ವಿದ್ಯಾರ್ಥಿಗಳಿಗೆ ಶಿಲೆಯೂ ಚರಿತ್ರೆಯನ್ನು ನುಡಿಯುವುದೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಕಲ್ಲು ಕರಗಿ ಗಾಜಾದಾಗ ಅದು ನುಡಿಯುವ ಬಗೆಯೇ ಬೇರೆ. ಇದಕ್ಕೆ ನಿದರ್ಶನ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ್ ಸರೋವರ. ನಮ್ಮ ವಿಜಾಪುರ, ಕಲಬುರ್ಗಿ ಸೀಮೆಗಳಲ್ಲಿಯೂ ಹಾಸಿರುವ ಅದೇ ಕಪ್ಪು ಬಸಾಲ್ಟ್ ಶಿಲೆಗೆ ಉಲ್ಕೆಯೊಂದು ಅಪ್ಪಳಿಸಿ, ಸುಮಾರು 1.8 ಕಿಲೋಮೀಟರ್ ಅಗಲದ ಕುಳಿಯನ್ನು ತೋಡಿತು.

ಇದನ್ನು ಜ್ವಾಲಾಮುಖಿಯ ಬಾಯಿ ಎಂದವರೂ ಉಂಟು. ಆಘಾತದ ಒತ್ತಡದಿಂದ ಫೆಲ್ಡ್‌ಸ್ಪಾರ್ ಖನಿಜವು ಗಾಜಾಗಿ ಮಾರ್ಪಟ್ಟ ಮ್ಯಾಸ್ಕೆಲಿನೈಟ್ ಇಲ್ಲಿದೆಯೆಂದು 1973ರಲ್ಲಿ ಪ್ರಕಟವಾದ ಮೇಲೆ ಆ ವಾದ ನಿಲ್ಲಲಿಲ್ಲ.

ತೊಡಕಾದುದು ವಯಸ್ಸು. ಉಷ್ಣದೀಪ್ತಿ ವಿಧಾನದಿಂದ ಗಾಜನ್ನು ಪರೀಕ್ಷಿಸಿದವರು ಸುಮಾರು 52,000 ವರ್ಷವೆಂದರು. 2011ರಲ್ಲಿ ಆರ್ಗಾನ್ ವಿಧಾನವು ಸುಮಾರು 5,70,000 ವರ್ಷವೆಂದಿತು. ಪೊಟ್ಯಾಸಿಯಮ್‌ನ ಒಂದು ಬಗೆಯು ನಿಧಾನವಾಗಿ ಆರ್ಗಾನ್ ಅನಿಲವಾಗುತ್ತದೆ. ಶಿಲೆ ಕರಗಿದಾಗ ಹಳೆಯ ಅನಿಲ ಹೊರಟುಹೋಗಿ ಗಡಿಯಾರವು ಸೊನ್ನೆಗೆ ಮರಳಬೇಕು. ಆದರೆ ಲೋಣಾರಿನ ಗಾಜು ಕ್ಷಣಮಾತ್ರದಲ್ಲಿ ಕರಗಿ ಆರಿದುದು. ಸುಮಾರು 6.6 ಕೋಟಿ ವರ್ಷ ಹಳೆಯ ಬಸಾಲ್ಟಿನ ಆರ್ಗಾನ್ ಅದರಲ್ಲಿ ಕೊಂಚ ಉಳಿದುಬಿಟ್ಟಿತ್ತು. ಆ ಉಳಿಕೆಯನ್ನು ಲೆಕ್ಕದಿಂದ ಕಳೆಯದಿದ್ದರೆ ಗಾಜು ತನ್ನ ವಯಸ್ಸನ್ನು ಹೆಚ್ಚಿಸಿಯೇ ಹೇಳುತ್ತದೆ! ಸಂಶೋಧಕರ ಶ್ರಮವೆಲ್ಲ ಇಲ್ಲಿಯೇ.

ಇಂದಿಗೂ 52,000 ಎಂದೇ ಬೋಧಿಸುವ ಅಧ್ಯಾಪಕ ಬಂಧುಗಳು ಗಮನಿಸಬೇಕು: ಹೊಸ ಲೆಕ್ಕದ ಅನಿಶ್ಚಿತತೆಯ ಅಂಚೇ 47,000 ವರ್ಷ.