ದೂರದಿಂದ ಮನೆಯ ಕಂಪ್ಯೂಟರಿಗೆ ಲಾಗಿನ್ ಆಗದಿದ್ದರೆ: ತಡೆ ಹುಡುಕುವ ಕ್ರಮ



ತೋಟದ ಲೆಕ್ಕಪತ್ರಗಳನ್ನು ಮನೆಯ ಕಂಪ್ಯೂಟರಿನಲ್ಲಿಟ್ಟು, ಪಟ್ಟಣದಿಂದಲೇ ತೆರೆದು ನೋಡುವ ಅಭ್ಯಾಸ ನಮ್ಮಲ್ಲಿ ಕೆಲವರಿಗಿದೆ. ಬೆಳೆಸಾಲ ನವೀಕರಣದ ದಿನ ಬ್ಯಾಂಕಿನಲ್ಲಿ ಕುಳಿತು ಪ್ರಯತ್ನಿಸಿದಾಗ ನಮಗೆ ಸಂಪರ್ಕವೇ ದೊರೆಯಲಿಲ್ಲ. ಕಾಗದಕ್ಕಾಗಿ ಮತ್ತೆ ಮನೆಗೆ ಬರಬೇಕಾಯಿತು. ಆಮೇಲೆ ಎರಡು ದಿನ ರೂಟರನ್ನು ಅಲ್ಲಿ ಇಲ್ಲಿ ತಿರುವಿದ್ದೂ ವ್ಯರ್ಥವಾಯಿತು.

ಸ್ಪ್ರಿಂಕ್ಲರಿಗೆ ನೀರು ಬಾರದಿದ್ದರೆ ನಾವು ಪಂಪಿನಿಂದ ಹೊರಟು ಪೈಪಿನ ಒಂದೊಂದೇ ಜೋಡಣೆಯನ್ನು ನೋಡುತ್ತೇವೆ. ಇಲ್ಲಿಯೂ ಅದೇ ಕ್ರಮ.

1. ಮನೆಯೊಳಗಿನ ಇನ್ನೊಂದು ಯಂತ್ರದಿಂದ ಲಾಗಿನ್ ಆಗಿ ನೋಡಿರಿ. ಆಗದಿದ್ದರೆ ಕಂಪ್ಯೂಟರನ್ನೇ ಮೊದಲು ಪರೀಕ್ಷಿಸತಕ್ಕದ್ದು: ಲಾಗಿನ್ ಸೇವೆ ನಿಂತಿರಬಹುದು, ಇಲ್ಲವೆ ಅದರ ಫೈರ್‌ವಾಲ್ ತಡೆದಿರಬಹುದು. ವಿಂಡೋಸ್‌ನ ಹೋಮ್ ಆವೃತ್ತಿಯು ರಿಮೋಟ್ ಡೆಸ್ಕ್‌ಟಾಪ್ ಸಂಪರ್ಕವನ್ನು ಸ್ವೀಕರಿಸುವುದಿಲ್ಲ.

2. ಒಳಗೆ ಸರಿಯಿದ್ದರೆ ರೂಟರಿನ ಪೋರ್ಟ್ ಫಾರ್ವರ್ಡಿಂಗ್ ನೋಡಿರಿ. ಎಸ್‌ಎಸ್‌ಎಚ್‌ಗೆ ಸಾಮಾನ್ಯವಾಗಿ 22ನೇ ಪೋರ್ಟ್. ಕರೆಂಟು ಹೋಗಿ ಬಂದ ಮೇಲೆ ಕಂಪ್ಯೂಟರಿನ ಒಳವಿಳಾಸ ಬದಲಾಗಿದ್ದರೆ ಕರೆಯು ಬೇರೆ ಕಡೆಗೆ ಹೋಗುತ್ತದೆ. ಆದ್ದರಿಂದ ಆ ವಿಳಾಸವನ್ನು ರೂಟರಿನಲ್ಲಿ ಕಾಯ್ದಿರಿಸಿರಿ.

3. ಹೊರಗಿನ ಪರೀಕ್ಷೆಯನ್ನು ಮನೆಯ ವೈಫೈಯಿಂದ ಮಾಡಬೇಡಿರಿ. ಮೊಬೈಲ್ ಡೇಟಾ ಬಳಸಿರಿ. ಒಳಗಿನಿಂದ ಹೋಗಿ ಮತ್ತೆ ಒಳಗೇ ಬರುವ ಕರೆಯನ್ನು ಕೆಲವು ರೂಟರುಗಳು ಬಿಡುವುದಿಲ್ಲ. ‘ರಿಫ್ಯೂಸ್ಡ್’ ಎಂದು ಬಂದರೆ ಸಾಮಾನ್ಯವಾಗಿ ಕರೆಯು ಯಾವುದೋ ಯಂತ್ರವನ್ನು ಮುಟ್ಟಿದೆ, ಆ ಪೋರ್ಟಿನಲ್ಲಿ ಸೇವೆ ಇಲ್ಲ ಎಂದರ್ಥ. ‘ಟೈಮ್ಡ್ ಔಟ್’ ಎಂದರೆ ಉತ್ತರವೇ ಬಂದಿಲ್ಲ. ಹೆಚ್ಚಾಗಿ ದಾರಿಯಲ್ಲೇ ತಡೆಯಿದೆ.

4. ರೂಟರಿನ ಪುಟದಲ್ಲಿ ‘ವ್ಯಾನ್’ ವಿಳಾಸ ನೋಡಿರಿ. ಅದು 100.64ರಿಂದ 100.127ರ ಒಳಗಿದ್ದರೆ, ಇಂಟರ್ನೆಟ್ ಕಂಪನಿಯು ಅನೇಕ ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಇಟ್ಟಿದೆ. ಈ ಸಂಖ್ಯೆಗಳನ್ನು 2012ರಲ್ಲಿ ಇದಕ್ಕೆಂದೇ ಮೀಸಲಿಡಲಾಯಿತು. ಆಗ ನಮ್ಮ ರೂಟರಿನಲ್ಲಿ ಏನು ಬದಲಿಸಿದರೂ ಹೊರಗಿನ ಕರೆ ಒಳಬರುವುದಿಲ್ಲ. ನಮ್ಮ ಮನೆಯ ದೋಷವೂ ಇದೇ ಆಗಿತ್ತು. ಮೊದಲೇ ನೋಡಿದ್ದರೆ ಎರಡು ದಿನ ಉಳಿಯುತ್ತಿತ್ತು. ಕಂಪನಿಯಿಂದ ಸಾರ್ವಜನಿಕ ವಿಳಾಸ ಕೇಳಬಹುದು. ಇಲ್ಲವೆ ಮನೆಯ ಯಂತ್ರವೇ ಹೊರಗಿನ ಸರ್ವರಿಗೆ ಮೊದಲು ಸಂಪರ್ಕ ಹೂಡುವಂತಹ ವಿಪಿಎನ್ ಬಳಸಬಹುದು.

ಕೊನೆಯದಾಗಿ ಒಂದು ಎಚ್ಚರಿಕೆ. ಸಂಪರ್ಕ ಸಿಕ್ಕಿತೆಂಬ ಸಂತೋಷದಲ್ಲಿ ರಿಮೋಟ್ ಡೆಸ್ಕ್‌ಟಾಪಿನ 3389ನೇ ಪೋರ್ಟನ್ನು ಲೋಕಕ್ಕೆಲ್ಲ ತೆರೆದಿಡಬಾರದು. ಗುಪ್ತಪದ ಊಹಿಸುವ ಯಂತ್ರಗಳು ಹಗಲಿರುಳು ಹುಡುಕುತ್ತಿರುತ್ತವೆ. ಎಸ್‌ಎಸ್‌ಎಚ್ ಆದರೆ ಗುಪ್ತಪದದ ಲಾಗಿನ್ ನಿಲ್ಲಿಸಿ, ಕೀಲಿಕಡತವನ್ನು ಮಾತ್ರ ಒಪ್ಪುವಂತೆ ಮಾಡಿರಿ. ಉಣುಗೋಲು ತೆಗೆದಿಟ್ಟು ಪೇಟೆಗೆ ಹೋಗುವ ಬೆಳೆಗಾರನಿಲ್ಲ; ಇಲ್ಲಿಯೂ ಹಾಗೆಯೇ ಇರಲಿ.

– ಕಾರ್ಯದರ್ಶಿ