ಕವರ್ ಒಡೆಯದ ಸೀಲು

ಯೆಜ್ಡಿ ರೋಡ್‌ಕಿಂಗ್ ಬೈಕ್ ಮನೆಯಲ್ಲಿ ಇಟ್ಟುಕೊಂಡವರು ಇದನ್ನೊಮ್ಮೆ ಓದಬೇಕು. ನನಗಾದದ್ದು ಇನ್ನೊಬ್ಬರಿಗೆ ಆಗಬಾರದು.

ಗಾಡಿ ಅಪ್ಪನದು. 1992ರಲ್ಲಿ ಕಬ್ಬಿನ ದುಡ್ಡು ಕೈಗೆ ಬಂದ ವಾರವೇ ತಂದದ್ದು. ಮಂಡ್ಯ ರಸ್ತೆಯ ಕಡೆಯಿಂದ ಆ ಜೋಡಿ ಸೈಲೆನ್ಸರ್ ಸದ್ದು ಕೇಳಿದರೆ ಸಾಕು, ಅಮ್ಮ ಮುದ್ದೆಗೆ ಎಸರಿಡುತ್ತಿದ್ದಳು. 2019ರಲ್ಲಿ ಅಪ್ಪ ತೀರಿಕೊಂಡ ಮೇಲೆ ಭಾವ, "ಗುಜರಿಗೆ ಹಾಕ್ಬುಡು, ಯಾರ್ ನೋಡ್ಕತಾರೆ ಅದನ್ನ" ಅಂದರು. ಆ ಮಾತು ನನಗೆ ನಾಟಿತು. ಗಾಡಿಯನ್ನು ಅಪ್ಪ ತಂದ ದಿನ ಹೇಗಿತ್ತೋ ಹಾಗೇ ಮಾಡುತ್ತೇನೆ, ಒಂದು ವಾಷರ್ ಕೂಡ ಕಂಪನಿಯದೇ ಇರಬೇಕು ಎಂದು ಹಟ ಹಿಡಿದೆ.

ಮೊದಲು ಬಂದದ್ದು ಆರ್‌ಸಿ ಕಾಟ. ಹದಿನೈದು ವರ್ಷ ಕಳೆದ ಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಲ್ಲ, ನಮ್ಮದು 2022ಕ್ಕೆ ಬಂತು. ಆ ಏಪ್ರಿಲ್‌ನಿಂದ ಶುಲ್ಕ 300ರಿಂದ 1000 ರೂಪಾಯಿ ಆಗಿತ್ತು. ದುಡ್ಡಿಗೆ ನಾನು ಅಂಜಲಿಲ್ಲ. ಆದರೆ ಹೊಸ ಬಣ್ಣ ಹೊಡೆಸುವಾಗ ಚಾಸಿಸ್ ನಂಬರಿನ ಮೇಲೂ ಬಣ್ಣ ಕೂತಿತ್ತು. ನಂಬರಿನ ಅಚ್ಚು ತೆಗೆಯಲು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಎರಡು ಅಂಕಿ ಮೂಡಲೇ ಇಲ್ಲ. ಥಿನ್ನರ್ ಬಟ್ಟೆಯಲ್ಲಿ ಹತ್ತು ನಿಮಿಷ ಒರೆಸಿಕೊಂಡು ಬಾ ಎಂದು ಆರ್‌ಟಿಒ ಅಧಿಕಾರಿ ಮೊದಲ ದಿನವೇ ಹೇಳಬಹುದಿತ್ತು. ಹೇಳಲಿಲ್ಲ. ಒಂದೊಂದು ಸಲ ಒಂದೊಂದು ಕಾಗದ ಕೇಳಿ ಮೂರು ಸಲ ವಾಪಸ್ ಕಳಿಸಿದರು. ಅಪ್ಪನ ಮರಣ ಪ್ರಮಾಣಪತ್ರ ಹಿಡಿದುಕೊಂಡು ಅಲ್ಲಿ ನಿಂತ ಆ ಮೂರು ದಿನಗಳನ್ನು ನಾನು ಮರೆತಿಲ್ಲ. ನೀವು ಬಣ್ಣ ಹೊಡೆಸುವ ಮುಂಚೆ ನಂಬರಿನ ಮೇಲೆ ಟೇಪ್ ಅಂಟಿಸಿ.

ಆಮೇಲೆ ಇಂಜಿನ್. ಕ್ರ್ಯಾಂಕಿನ ಬಲಗಡೆ ಆಯಿಲ್ ಸೀಲು ಹೋಗಿದೆ ಎಂದು ಮೇಸ್ತ್ರಿ ಹೇಳಿದರು. ಬೇರಿಂಗ್ ಅಂಗಡಿಯಲ್ಲಿ ಅದೇ ಅಳತೆಯ ಹೊಸ ಸೀಲು ಸಿಗುತ್ತದೆ, ತಂದು ಹಾಕೋಣ ಅಂದರು. ನಾನು ಒಪ್ಪಲಿಲ್ಲ. ಮೈಸೂರಿನಲ್ಲಿ ಹಳೇ ಸ್ಟಾಕ್ ಇಟ್ಟಿದ್ದವರೊಬ್ಬರ ಹತ್ತಿರ ಕವರ್ ಕೂಡ ಒಡೆಯದ ಕಂಪನಿ ಸೀಲು ಸಿಕ್ಕಿತು. ಹೇಳಿದ ಬೆಲೆ ಕೊಟ್ಟು, ಪ್ರಸಾದದ ಹಾಗೆ ಜೇಬಿನಲ್ಲಿಟ್ಟುಕೊಂಡು ಬಂದೆ. ಮೇಸ್ತ್ರಿ ಅದನ್ನು ಬೆರಳಲ್ಲಿ ಅಮುಕಿ ನೋಡಿ, "ನಿಮ್ಮೂರ್ ಮಲ್ಲಿಕಾರ್ಜುನನ ಗುಡಿ ಕಲ್ಲಿಂದು, ಅದ್ಕೇ ನಿಂತದೆ. ಇದು ರಬ್ಬರು ಕಣಪ್ಪ" ಅಂದರು. ನಮ್ಮೂರ ಗುಡಿ 1234ರದು. ಮೇಸ್ತ್ರಿಯ ಮಾತನ್ನು ನಾನು ತಲೆಗೆ ಹಾಕಿಕೊಳ್ಳಲಿಲ್ಲ. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಂದ ಮೇಲೆ ಆ ಕವರಿನೊಳಗಿದ್ದದ್ದು ಏನಿಲ್ಲವೆಂದರೂ ಇಪ್ಪತ್ತೈದು ವರ್ಷದ ರಬ್ಬರು. ಇಷ್ಟು ಲೆಕ್ಕ ನನಗೆ ಹೊಳೆಯಲಿಲ್ಲ.

2023ರ ಮಾರ್ಚ್. ಮಂಡ್ಯದಲ್ಲಿ ಮದುವೆ ಊಟ ಮುಗಿಸಿ ನಾನೂ ನನ್ನ ಹೆಂಡತಿಯೂ ಹೊರಟೆವು. ಉರಿಬಿಸಿಲು. ಸಿಗ್ನಲ್ಲಿನಲ್ಲಿ ನಿಂತಾಗ ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ತನ್ನಷ್ಟಕ್ಕೆ ರೇಸ್ ಆಗುತ್ತಿತ್ತು. ಗಾಡಿ ಹುರುಪಾಗಿದೆ ಅಂದುಕೊಂಡೆ! ಸೀಲಿನ ಬಿರುಕಿನಿಂದ ಗಾಳಿ ಎಳೆದುಕೊಂಡು, ಪೆಟ್ರೋಲು ಕಮ್ಮಿಯಾಗಿ, ಅದರ ಜೊತೆ ಹೋಗಬೇಕಾದ ಎಣ್ಣೆಯೂ ಕಮ್ಮಿಯಾಗಿ ಒಳಗೆ ಸಿಲಿಂಡರ್ ಕಾಯುತ್ತಿತ್ತು.

ಊರಿಗೆ ಐದಾರು ಕಿಲೋಮೀಟರ್ ಇರುವಾಗ ಸದ್ದು ಬದಲಾಯಿತು. ಬಳೆ ಅಲುಗಿದ ಹಾಗೆ ಸಣ್ಣಗೆ ಕಿಣಿಕಿಣಿ. ಹಿಂದೆಯಿಂದ ಯಾರೋ ಜಗ್ಗಿದ ಹಾಗೆ ಗಾಡಿ ಭಾರವಾಯಿತು. ಏರು ಇರಬೇಕೆಂದು ನಾನು ಇನ್ನಷ್ಟು ಆಕ್ಸಿಲರೇಟರ್ ಕೊಟ್ಟೆ. ಅಷ್ಟೇ. ಸದ್ದು ಪಟ್ಟನೆ ನಿಂತಿತು, ಹಿಂದಿನ ಚಕ್ರ ಕಚ್ಚಿಕೊಂಡು ಟೈರು ಕಿರುಚಿತು. ಗಾಡಿಯ ಹಿಂಭಾಗ ಬಲಕ್ಕೆ ಹೋಯಿತು, ಎಡಕ್ಕೆ ಬಂತು. ಅವಳು ನನ್ನ ಅಂಗಿ ಹಿಡಿದುಕೊಂಡದ್ದು, ಗುಂಡಿ ಕಿತ್ತು ಹೋದದ್ದು ಗೊತ್ತಾಯಿತು. ಕ್ಲಚ್ ಹಿಡಿದಿದ್ದರೆ ಚಕ್ರ ಬಿಟ್ಟುಕೊಳ್ಳುತ್ತಿತ್ತು. ಆ ಗಳಿಗೆಯಲ್ಲಿ ನನ್ನ ಎಡಗೈಗೆ ಅದು ನೆನಪಾಗಲೇ ಇಲ್ಲ. ರಸ್ತೆ ಬದಿಯ ಒಣ ಸೋಗೆಯ ಮೇಲೆ ಚಕ್ರ ಜಾರಿ ಇಬ್ಬರೂ ಬಿದ್ದೆವು. ಹಿಂದೆಯೇ ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರ್ ಬರುತ್ತಿತ್ತು. ಆ ಹುಡುಗ ಬ್ರೇಕ್ ಒತ್ತಿ ನಿಲ್ಲಿಸಿದಾಗ ಮುಂದಿನ ಚಕ್ರಕ್ಕೂ ಅವಳ ಕಾಲಿಗೂ ಒಂದು ಮಾರು ದೂರ.

ಅವಳ ಮೊಣಕೈ ತರಚಿ ರಕ್ತ ಸೋರುತ್ತಿತ್ತು. ಅದನ್ನು ಬಿಟ್ಟು, "ನಿಮ್ಗೇನಾಯ್ತು ನೋಡ್ಕಳಿ" ಅಂದಳು. ನಾನು ಏನು ಮಾಡಿದೆ ಗೊತ್ತೇ? ಗಾಡಿ ಎತ್ತಿ ನಿಲ್ಲಿಸಿ, ಆರುವುದಕ್ಕೂ ಬಿಡದೆ ಕಿಕ್ ಹೊಡೆದೆ. ಅವಳ ಕೈ ನೋಡಲಿಲ್ಲ. ಆ ತಪ್ಪು ನನ್ನದು. ಇದನ್ನು ಯಾವ ಮೇಸ್ತ್ರಿಯ ಮೇಲೂ ಹಾಕಲಾರೆ.

ಬಿಸಿಯಲ್ಲೇ ಕಿಕ್ ಹೊಡೆದದ್ದರಿಂದ ಸಿಲಿಂಡರ್ ಗೋಡೆಯಲ್ಲಿ ಉದ್ದುದ್ದ ಗೀರು ಬಿದ್ದಿತ್ತು. ಬೋರ್ ಮಾಡಿಸಿ ಒಂದು ಸೈಜ್ ಮೇಲಿನ ಪಿಸ್ಟನ್ ಹಾಕಿಸಬೇಕಾಯಿತು. ಬಿಚ್ಚಿದ ಸೀಲನ್ನು ಮೇಸ್ತ್ರಿ ನನ್ನ ಅಂಗೈಯಲ್ಲಿಟ್ಟರು. ಮಡಿಸಿದೆ, ಹಪ್ಪಳದ ಹಾಗೆ ಮುರಿಯಿತು.

ಈಗ ಹಾಕಿರುವುದು ಕಂದು ಬಣ್ಣದ ವೈಟನ್ ರಬ್ಬರಿನ ಸೀಲು. ಇವತ್ತಿನ ಎಥೆನಾಲ್ ಬೆರೆತ ಪೆಟ್ರೋಲನ್ನೂ ತಡೆಯುತ್ತದೆ. ಪೆಟ್ರೋಲ್ ಪೈಪನ್ನೂ ಹೊಸದು ಹಾಕಿಸಿದೆ. ಲೀಟರಿಗೆ 40 ಮಿಲಿ ಟೂ-ಟಿ ಎಣ್ಣೆಯನ್ನು ನಾನೇ ಅಳೆದು ಹಾಕುತ್ತೇನೆ, ಬಂಕಿನ ಹುಡುಗರ ಕೈಗೆ ಬಿಡುವುದಿಲ್ಲ. ತಿಂಗಳಿಗೊಮ್ಮೆ ಪ್ಲಗ್ ಬಿಚ್ಚಿ ನೋಡುತ್ತೇನೆ: ಕಾಫಿಪುಡಿ ಬಣ್ಣವಿದ್ದರೆ ಸರಿ, ಬೆಳ್ಳಗಾಗಿದ್ದರೆ ಗಾಡಿ ಮುಟ್ಟುವುದಿಲ್ಲ. ಕಬ್ಬಿಣ, ಅಲ್ಯೂಮಿನಿಯಂ ಎಷ್ಟು ಹಳೆಯದಾದರೂ ಹುಡುಕಿ ತನ್ನಿ. ರಬ್ಬರು ಮಾತ್ರ ಈ ವರ್ಷದ್ದೇ ಇರಲಿ.

ಭಾವ ಈಗಲೂ ಸಿಕ್ಕಾಗಲೆಲ್ಲ ಗುಜರಿ ಮಾತೆತ್ತುತ್ತಾರೆ. ಹೆಂಡತಿ ವರ್ಷವಾದರೂ ಗಾಡಿ ಹತ್ತಿರ ಸುಳಿಯಲಿಲ್ಲ. ಹೋದ ಸಂಕ್ರಾಂತಿಗೆ ತವರಿಗೆ ಎಳ್ಳು ಬೀರಲು ಹೊರಟವಳು ತಾನಾಗಿಯೇ ಬಂದು ಹಿಂದೆ ಕೂತಳು. ಆ ಜಾಗ ಬಂದಾಗ ಇಬ್ಬರೂ ಮಾತಾಡಲಿಲ್ಲ. ನನ್ನ ಎರಡು ಬೆರಳು ಕ್ಲಚ್ ಮೇಲಿದ್ದವು.