ನಿಮ್ಮ ಮನೆ ನೆಂಟರ ಮಗುವಿಗೆ ಗೊತ್ತಿಲ್ಲ

ಬಚ್ಚಲಿಗೆ ಕಾಲಿಡುವಲ್ಲಿ ನೆಲ ತುಸು ತಗ್ಗು ಅನ್ನುವುದು ನಿಮ್ಮ ಕಾಲಿಗೆ ಗೊತ್ತು. ಯಾವ ನಲ್ಲಿಯಲ್ಲಿ ಬಿಸಿನೀರು ಬರುತ್ತದೆ, ಮಹಡಿಯ ಯಾವ ಮೆಟ್ಟಿಲು ಮಿಕ್ಕವಕ್ಕಿಂತ ಎತ್ತರ, ಪೋರ್ಟಿಕೋದ ಸಂಪಿನ ಮುಚ್ಚಳ ಯಾವ ಮೂಲೆಯಲ್ಲಿ ಅಲುಗಾಡುತ್ತದೆ, ಎಲ್ಲವನ್ನೂ ಯೋಚಿಸದೆಯೇ ತಪ್ಪಿಸಿಕೊಂಡು ಓಡಾಡುತ್ತೀರಿ. ನಿಮ್ಮ ಮಗುವೂ ಬಿದ್ದೆದ್ದು ಅಷ್ಟಿಷ್ಟು ಕಲಿತಿರುತ್ತದೆ. ಹಬ್ಬಕ್ಕೆ ಬಂದ ತಂಗಿಯ ಮಗುವಿಗೆ, ಊರಿನಿಂದ ಬಂದ ಅಜ್ಜಿಗೆ ಇದಾವುದೂ ಗೊತ್ತಿಲ್ಲ. ಆದ್ದರಿಂದ ಮಕ್ಕಳ ವೈದ್ಯೆಯಾಗಿ ನನ್ನದೊಂದು ಕೋರಿಕೆ: ನೆಂಟರು ಬರುವ ಹಿಂದಿನ ದಿನ ಹೇಗೂ ಮನೆ ಗುಡಿಸಿ ಒರೆಸುತ್ತೀರಿ. ಆಗ ಎರಡು ನಿಮಿಷ ನೆಲದ ಮೇಲೆ ಕೂತು, ಅಂಬೆಗಾಲಿಡುವ ಕೂಸಿನ ಎತ್ತರದಿಂದ ಪ್ರತಿ ಕೋಣೆಯನ್ನೂ ನೋಡಿ. ಸೋಫಾದ ಅಡಿಯ ಕಡಲೆಬೀಜ, ಟೀಪಾಯಿಯಿಂದ ಇಳಿಬಿದ್ದ ಬಟ್ಟೆ, ಕಟ್ಟೆಯಂಚಿನಿಂದ ಜೋತಾಡುವ ಕೆಟಲ್ ವೈರು, ಎದ್ದುನಿಂತಾಗ ಕಾಣದ್ದು ಆಗ ಕಾಣುತ್ತದೆ.

ದೀಪಾವಳಿಯನ್ನೇ ತೆಗೆದುಕೊಳ್ಳಿ. ಪಟಾಕಿಯ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ, ನನಗೆ ಹೆಚ್ಚು ದಿಗಿಲು ಬಚ್ಚಲಿನದು. ನೀರು ತುಂಬುವ ಹಬ್ಬದ ಸಂಜೆ ಹಂಡೆ, ಬಕೆಟ್ಟು, ಕೊಳಗ ಎಲ್ಲವೂ ತುಂಬಿರುತ್ತವೆ. ಒಂದು ವರ್ಷದ ಆಸುಪಾಸಿನ ಮಗುವಿಗೆ ತಲೆಯೇ ಭಾರ. ಬಕೆಟ್ಟಿನ ಅಂಚು ಹಿಡಿದು ಬಗ್ಗಿದರೆ ಮುಂದಕ್ಕೆ ವಾಲಿಬಿಡುತ್ತದೆ, ಮೇಲೇಳುವ ಶಕ್ತಿ ಇರುವುದಿಲ್ಲ. ಮೂಗು ಬಾಯಿ ಮುಳುಗಲು 5 ಸೆಂಟಿಮೀಟರ್ ನೀರು ಸಾಕು, ಚೀರಾಟವೂ ಕೇಳಿಸುವುದಿಲ್ಲ. ಸಂಪ್ರದಾಯ ಬಿಡಬೇಕಿಲ್ಲ. ನೀರು ತುಂಬಿ, ಪೂಜೆ ಮಾಡಿ, ಬಚ್ಚಲಿನ ಬಾಗಿಲಿಗೆ ಮೇಲಿನ ಚಿಲಕ ಹಾಕಿ. ಚಿಲಕ ಮಗುವಿನ ಕೈಗೆಟುಕದಷ್ಟು ಎತ್ತರದಲ್ಲಿರಲಿ.

ಮರುದಿನ ಬೆಳಗ್ಗೆ ಎಣ್ಣೆಸ್ನಾನ. 60 ಡಿಗ್ರಿ ಬಿಸಿಯ ನೀರು ದೊಡ್ಡವರ ಚರ್ಮವನ್ನೇ ಐದಾರು ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ, ಮಗುವಿನ ಚರ್ಮ ಇನ್ನೂ ತೆಳು. ಗೀಸರನ್ನು 50ರ ಮೇಲೆ ಇಡಬೇಡಿ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಈ ಕ್ರಮ ತಿರುವುಮುರುವಾದ ಆ ಒಂದು ನಿಮಿಷದಲ್ಲೇ ಮಕ್ಕಳು ಬಕೆಟ್ಟಿಗೆ ಕೈ ಹಾಕುವುದು. ಬಕೆಟ್ಟಿನೊಳಗೆ ಇಳಿಬಿಡುವ ಕಾಯಿಲ್ ಹೀಟರು ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ. ಎಣ್ಣೆ ಹಚ್ಚಿದ ಪಾದ, ಒದ್ದೆ ಟೈಲ್ಸು, ಎಪ್ಪತ್ತು ದಾಟಿದ ಅಜ್ಜಿ, ಇವು ಮೂರೂ ಕೂಡಿದರೆ ಸೊಂಟದ ಮೂಳೆಗೇ ಕುತ್ತು. ಒಬ್ಬರ ಸ್ನಾನ ಆದಮೇಲೆ ಸೀಗೆಪುಡಿಯಿಂದ ತಿಕ್ಕಿ ನೆಲ ತೊಳೆಯಿರಿ, ರಬ್ಬರ್ ಚಾಪೆ ಹಾಸಿ, ಸ್ಟೂಲ್ ಇಡಿ, ರಾತ್ರಿಯಿಡೀ ಬಚ್ಚಲ ದಾರಿಗೊಂದು ಸಣ್ಣ ದೀಪ ಉರಿಯಲಿ.

ಇನ್ನು ಅಜ್ಜಿಯ ಕೈಚೀಲ. ನಿಮ್ಮ ಮನೆಯ ಔಷಧಿಯನ್ನು ನೀವು ಬೀರುವಿನಲ್ಲಿಟ್ಟಿರಬಹುದು, ನೆಂಟರ ಔಷಧಿ ಅವರ ಚೀಲದಲ್ಲಿ, ಚೀಲ ಮಂಚದ ಮೇಲೆ, ಜಿಪ್ಪು ತೆರೆದೇ ಇರುತ್ತದೆ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು, ಉದಾಹರಣೆಗೆ ಗ್ಲಿಮೆಪಿರೈಡ್, ಒಂದೇ ಒಂದು ನುಂಗಿದರೂ ಪುಟ್ಟ ಮಗುವಿನ ಜೀವಕ್ಕೆ ಅಪಾಯ. ರಕ್ತದ ಸಕ್ಕರೆ ಕುಸಿಯುವುದು ಕೆಲವೊಮ್ಮೆ ಗಂಟೆಗಟ್ಟಲೆ ತಡವಾಗಿ. ಅಲ್ಲಿಯವರೆಗೆ ಮಗು ಆಡಿಕೊಂಡೇ ಇರುತ್ತದೆ, ‘ಏನೂ ಆಗಿಲ್ಲ ಬಿಡಿ’ ಎಂದು ಮನೆಯವರು ಸುಮ್ಮನಾಗುತ್ತಾರೆ. ಸುಮ್ಮನಾಗಬೇಡಿ. ಬಿಪಿ ಮಾತ್ರೆಗಳಲ್ಲೂ ಇಂಥವಿವೆ. ಬಸುರಿಯರಿಗೆ ಕೊಡುವ ಕೆಂಪು ಕಬ್ಬಿಣಾಂಶದ ಮಾತ್ರೆಯಂತೂ ಸಕ್ಕರೆ ಲೇಪದ್ದು, ನೋಡಲು ಪೆಪ್ಪರಮೆಂಟೇ. ನೆಂಟರಿಗೆ ಕಾಫಿ ಕೊಡುವಾಗಲೇ, ‘ನಿಮ್ಮ ಮಾತ್ರೆ ಡಬ್ಬಿ ಇಲ್ಲಿ ಮೇಲಿಡಿ, ಮಕ್ಕಳಿದ್ದಾರೆ’ ಎಂದು ಶೆಲ್ಫ್ ತೋರಿಸಿ. ಇದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ.

ಎಣ್ಣೆ ಹಣತೆಯ ಬದಲು ಈಗ ಎಷ್ಟೋ ಮನೆಗಳಲ್ಲಿ ಪ್ಲಾಸ್ಟಿಕ್ ಎಲ್‌ಇಡಿ ಹಣತೆ. ಬೆಂಕಿಯ ಭಯವಿಲ್ಲ, ನಿಜ. ಆದರೆ ತಿರುವಿ ನೋಡಿ, ಹಲವು ಹಣತೆಗಳ ತಳದಲ್ಲಿ ನಾಣ್ಯದಂಥ ಬಟನ್ ಬ್ಯಾಟರಿ ಇರುತ್ತದೆ, ಮುಚ್ಚಳಕ್ಕೆ ಸ್ಕ್ರೂ ಇರುವುದಿಲ್ಲ. ನುಂಗಿದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆಲ್ಲ ಸುಟ್ಟುಬಿಡಬಹುದು. ಜೊಲ್ಲು ಸುರಿಸುವುದು, ಊಟ ಬೇಡವೆನ್ನುವುದು ಬಿಟ್ಟರೆ ಹೊರಗೆ ಏನೂ ಕಾಣದಿರಬಹುದು. ಬ್ಯಾಟರಿ ನಾಪತ್ತೆಯಾಗಿ ಅನುಮಾನ ಬಂದರೆ ಎಕ್ಸ್‌ರೇ ಇರುವ ಆಸ್ಪತ್ರೆಗೆ ಆಗಲೇ ಹೊರಡಿ. ಬೆಳಗಾಗಲಿ ಎಂದು ಕಾಯಬೇಡಿ.

ಫಿನಾಯಿಲು, ಆ್ಯಸಿಡ್, ಸೀಮೆಎಣ್ಣೆಯನ್ನು ಹಳೆಯ ತಂಪುಪಾನೀಯದ ಬಾಟಲಿಗೆ ತುಂಬಿಡುವ ರೂಢಿ ಇವತ್ತೇ ನಿಲ್ಲಲಿ. ಬಾಯಾರಿ ಬಂದ ನೆಂಟರ ಹುಡುಗ ಬಾಟಲಿಯ ಮೇಲಿನ ಚೀಟಿ ನೋಡಿಯೇ ಎತ್ತಿ ಕುಡಿಯುತ್ತಾನೆ. ಸಂಪಿನ ಮುಚ್ಚಳಕ್ಕೆ ಬೀಗವಿರಲಿ, ಟ್ಯಾಂಕರಿನವರು ನೀರು ಬಿಡುವಷ್ಟು ಹೊತ್ತೂ ದೊಡ್ಡವರೊಬ್ಬರು ಪಕ್ಕದಲ್ಲೇ ನಿಂತಿರಲಿ. ಬಾಲ್ಕನಿ ಗ್ರಿಲ್ಲಿನ ಸಂದು 10 ಸೆಂಟಿಮೀಟರಿಗಿಂತ ಅಗಲವಾಗಿದ್ದರೆ ಬಲೆ ಕಟ್ಟಿಸಿ, ಹತ್ತಲು ಅನುಕೂಲವಾಗುವ ಕುರ್ಚಿ, ಹೂಕುಂಡಗಳನ್ನು ಅಂಚಿನಿಂದ ಸರಿಸಿ.

ಮನೆ ತುಂಬ ಜನರಿದ್ದಾಗ ಮಗುವನ್ನು ಯಾರೋ ನೋಡಿಕೊಳ್ಳುತ್ತಿದ್ದಾರೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ, ಯಾರೂ ನೋಡುತ್ತಿರುವುದಿಲ್ಲ. ಹೆಸರಿಟ್ಟು ಹೇಳಿ: ಊಟ ಬಡಿಸುವವರೆಗೆ ಅತ್ತೆ, ಆಮೇಲೆ ಮಾವ. ಬಿಸಿ ಸಾರಿನ ಪಾತ್ರೆ ಹಿಡಿದು ಓಡಾಡುವವರ ಕಾಲಿಗೆ ಮಕ್ಕಳು ಸಿಗದಂತೆ ಅವರ ಊಟ ಮೊದಲೇ ಮುಗಿಸಿಬಿಡಿ.

ಇಷ್ಟಾದ ಮೇಲೂ ಏನಾದರೂ ಆಗಿಬಿಟ್ಟರೆ? ಸುಟ್ಟ ಜಾಗವನ್ನು 20 ನಿಮಿಷ ಹರಿಯುವ ನಲ್ಲಿ ನೀರಿಗೆ ಹಿಡಿಯಿರಿ. ಬಳೆ, ಉಡುದಾರ ಬಿಚ್ಚಿ. ಟೂತ್‌ಪೇಸ್ಟ್, ತುಪ್ಪ, ಐಸು ಯಾವುದೂ ಬೇಡ, ಹಿರಿಯರು ಒತ್ತಾಯಿಸಿದರೂ ಬೇಡ. ವಿಷದ ವಸ್ತು ಕುಡಿದಿದ್ದರೆ ವಾಂತಿ ಮಾಡಿಸಬೇಡಿ. ಆ್ಯಸಿಡ್ ಮತ್ತೊಮ್ಮೆ ಗಂಟಲು ಸುಡುತ್ತದೆ, ಸೀಮೆಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರಕ್ಕೆ 1800 116 117ರಲ್ಲಿ ಉಚಿತವಾಗಿ ಫೋನ್ ಮಾಡಿ ಸಲಹೆ ಕೇಳಬಹುದು, ಆಂಬುಲೆನ್ಸಿಗೆ 108. ಎರಡನ್ನೂ ಮನೆ ವಿಳಾಸದ ಜೊತೆ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ, ಏಕೆಂದರೆ ಗಾಬರಿಯಲ್ಲಿ ಫೋನ್ ಹಿಡಿದ ನೆಂಟರಿಗೆ ನಿಮ್ಮ ಅಡ್ಡರಸ್ತೆಯ ಸಂಖ್ಯೆ ಗೊತ್ತಿರುವುದಿಲ್ಲ. ಆಸ್ಪತ್ರೆಗೆ ಬರುವಾಗ ಖಾಲಿ ಸ್ಟ್ರಿಪ್ಪನ್ನೋ ಬಾಟಲಿಯನ್ನೋ ಮರೆಯದೆ ತನ್ನಿ.